ಹಟ್ಟಿಯೂ ಬಂಗಲೆಯೂ: ನೀಲಗಿರಿಯ ಬೇಸಗೆ ಬಿಡಾರಗಳ ಚರಿತ್ರೆ

ಬೇಸಗೆಯ ಬಿಸಿಲು ಏರತೊಡಗಿದೊಡನೆ ಬಯಲುನಾಡಿನವರ ಮನಸ್ಸು ಬೆಟ್ಟದತ್ತ ಹರಿಯುವುದು ಸಹಜ. ದಕ್ಷಿಣದೇಶದಲ್ಲಿ ಹೀಗೆ ಬೆಟ್ಟವೆಂದೊಡನೆ ಮೊದಲು ನೆನಪಿಗೆ ಬರುವ ಹೆಸರು ಉದಕಮಂಡಲ. ಮೈಸೂರಿನಿಂದ ಹೊರಟು ಗುಂಡ್ಲುಪೇಟೆ, ಬಂಡೀಪುರಗಳನ್ನು ಹಾದು, ಮುದುಮಲೆಯ ಕಾಡನ್ನು ದಾಟಿ, ತಿರುವು ತಿರುವಾದ ಘಾಟಿಯನ್ನೇರಿ ವರ್ಷವರ್ಷವೂ ಲಕ್ಷಾಂತರ ಮಂದಿ ಅಲ್ಲಿಗೆ ಹೋಗಿ ನಾಲ್ಕು ದಿನ ತಂಗಿ ಬರುತ್ತಾರೆ. ನಮ್ಮ ಪಾಠಶಾಲೆಗಳ ಮಕ್ಕಳೂ ಪ್ರವಾಸದ ಹೆಸರಿನಲ್ಲಿ ಹೋಗುವುದುಂಟು. ಕೆರೆಯಲ್ಲಿ ದೋಣಿ, ಸಸ್ಯೋದ್ಯಾನದಲ್ಲಿ ಹೂವು, ದೊಡ್ಡಬೆಟ್ಟದ ನೆತ್ತಿಯಲ್ಲಿ ದೂರದರ್ಶಕ, ಇಳಿಯುವಾಗ ಹೊಗೆಯುಗುಳುವ ಪುಟ್ಟ ರೈಲು: ಇಷ್ಟನ್ನು ಕಂಡು, ಚಹದ ಪೊಟ್ಟಣವೊಂದನ್ನು ಕೊಂಡು ಮರಳಿದರೆ ನೀಲಗಿರಿಯನ್ನು ನೋಡಿದಂತಾಯಿತೆಂದು ತಿಳಿಯುತ್ತೇವೆ.

ಈ ನೋಟಗಳೆಲ್ಲದರ ಹಿಂದೆ ಒಂದು ಚರಿತ್ರೆಯಿದೆ. ಅದು ಅತಿಥಿಗಳು ಬಂದಿಳಿದ ಮನೆಗಳ ಚರಿತ್ರೆ. ಬಿಡಾರವನ್ನು ಕಟ್ಟಬೇಕಾದರೆ ನೆಲ ಬೇಕು. ಆ ನೆಲ ಯಾರದು ಎಂಬ ಪ್ರಶ್ನೆ ಮೊದಲ ಬಂಗಲೆಯ ಬುನಾದಿಯೊಡನೆಯೇ ಹುಟ್ಟಿತು. ಎರಡು ನೂರು ವರ್ಷಗಳು ಕಳೆದರೂ ಅದಕ್ಕೆ ಪೂರ್ಣವಾದ ಉತ್ತರ ದೊರೆತಿಲ್ಲ. ಗಡಿಯ ಆಚೆ ನೆಲೆಸಿ ಕನ್ನಡವನ್ನು ಕಲಿಸುವ, ಕಲಿಯುವ ನಮಗೆ ಈ ಚರಿತ್ರೆ ವಿಶೇಷವಾಗಿ ಹತ್ತಿರದ್ದು. ಏಕೆಂದರೆ ಅತಿಥಿಗಳು ಬರುವುದಕ್ಕೆ ಮೊದಲೇ ಆ ಬೆಟ್ಟದ ಊರು, ಹಳ್ಳ, ಶಿಖರಗಳಿಗೆ ಇದ್ದ ಹೆಸರುಗಳಲ್ಲಿ ಅನೇಕವು ಕನ್ನಡದ ಕಿವಿಗೆ ಕೂಡಲೆ ತಿಳಿಯುವಂತಹವು.

ನೀಲಗಿರಿಯನ್ನು ಆಂಗ್ಲರು ಕಂಡುಹಿಡಿದರೆಂದು ಪ್ರವಾಸದ ಕೈಪಿಡಿಗಳು ಬರೆಯುವುದು ವಾಡಿಕೆಯಾಗಿದೆ. ಶಾಸನಗಳು ಬೇರೆಯ ಮಾತನ್ನೇ ಹೇಳುತ್ತವೆ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕನಾದ ಪುಣಿಸನು ತೋಡರನ್ನು ಬೆದರಿಸಿ ನೀಲಗಿರಿಯನ್ನು ವಶಪಡಿಸಿಕೊಂಡನೆಂದು ಕ್ರಿ.ಶ. ೧೧೧೭ರ ಚಾಮರಾಜನಗರದ ಕನ್ನಡ ಶಾಸನವು ಸಾರುತ್ತದೆ. ಬೆಟ್ಟದ ಹೆಸರೂ ತೋಡರೆಂಬ ಜನದ ಹೆಸರೂ ಕಾಣುವ ಅತ್ಯಂತ ಹಳೆಯ ಬರಹಗಳಲ್ಲಿ ಇದೊಂದು. ಮುಂದೆ ಪೆರುಮಾಳೆ ದಂಡನಾಯಕನ ಮಗನಾದ ಮಾಧವ ದಂಡನಾಯಕನು ನೀಲಗಿರಿಯನ್ನು ಅಡಗಿಸಿದವನೆಂಬ ಅರ್ಥದ ಬಿರುದನ್ನು ಧರಿಸಿದ್ದನು. ಅವನ ವಂಶದ ನೆನಪನ್ನು ಉಳಿಸಿದ್ದ ದಣ್ಣಾಯಕನಕೋಟೆಯು ಬೆಟ್ಟದ ಬುಡದಲ್ಲಿ, ಮೋಯಾರು ಭವಾನಿಗಳು ಕೂಡುವೆಡೆಯಲ್ಲಿತ್ತು. ೧೯೫೫ರಲ್ಲಿ ಮುಗಿದ ಭವಾನಿಸಾಗರ ಅಣೆಕಟ್ಟಿನ ನೀರಿನಲ್ಲಿ ಅದು ಮುಳುಗಿಹೋಯಿತು. ದಂಡನಾಯಕರು ಏರಿ ಬಂದು ಅಡಗಿಸಬೇಕಾಗಿತ್ತೆಂದ ಮೇಲೆ, ಅಡಗದೆ ನಿಂತ ಜನವೊಂದು ಮೇಲೆ ಇತ್ತೆಂಬುದು ತಾನಾಗಿಯೇ ಸಿದ್ಧವಾಗುತ್ತದೆ.

ಆ ಜನ ಒಂದೇ ಬಗೆಯವರಲ್ಲ. ಎಮ್ಮೆಗಳನ್ನು ಸಾಕಿ, ಹುಲ್ಲುಗಾವಲುಗಳಲ್ಲಿ ಮೇಯಿಸಿ, ಹಾಲನ್ನೇ ಪೂಜ್ಯವಾಗಿ ಕಾಣುವವರು ತೋಡರು. ಕಬ್ಬಿಣ, ಮಣ್ಣು, ಮರಗಳ ಕೆಲಸದಲ್ಲಿಯೂ ವಾದ್ಯದಲ್ಲಿಯೂ ಕುಶಲರಾದವರು ಕೋತರು. ಕಾಡಿನ ಜೇನು, ಬೇರು, ಮದ್ದುಗಳನ್ನು ಬಲ್ಲವರು ಕುರುಂಬರು; ಇಳಿಜಾರುಗಳ ಕಾಡಿನಲ್ಲಿ ಇರುಳರು. ಇವರ ನಡುವೆ ರಾಗಿ, ಸಾಮೆಗಳನ್ನು ಬೆಳೆಯುವ ಒಕ್ಕಲಿಗರಾಗಿ ನೆಲೆಸಿದವರು ಬಡಗರು. ಬಡಗಣ ದಿಕ್ಕಿನಿಂದ, ಎಂದರೆ ಮೈಸೂರು ಸೀಮೆಯಿಂದ, ಏರಿ ಬಂದವರಾದುದರಿಂದ ಅವರಿಗೆ ಆ ಹೆಸರು. ವಿಜಯನಗರವು ೧೫೬೫ರಲ್ಲಿ ಬಿದ್ದ ಅನಂತರದ ಕಷ್ಟಕಾಲದಲ್ಲಿ ತಮ್ಮ ಹಿರಿಯರು ಬಂದರೆಂಬುದು ಅವರಲ್ಲಿ ಬೆಳೆದುಬಂದ ಐತಿಹ್ಯ. ೧೬೦೩ರಲ್ಲಿ ಕಲ್ಲಿಕೋಟೆಯ ಕಡೆಯಿಂದ ಬೆಟ್ಟವನ್ನೇರಿದ ಫೆನಿಸಿಯೊ ಎಂಬ ಕ್ರೈಸ್ತ ಪಾದ್ರಿಯು ತೋಡರೊಡನೆ ಬಡಗರ ಹಳ್ಳಿಗಳನ್ನೂ ಕಂಡು ಬರೆದಿರುವುದರಿಂದ, ಅಷ್ಟರೊಳಗೆ ಅವರು ಅಲ್ಲಿ ಬೇರೂರಿದ್ದರೆಂಬುದು ನಿಶ್ಚಯ.

ಬಡಗರ ನುಡಿಯನ್ನು ಇಂದಿನ ಭಾಷಾವಿದ್ವಾಂಸರು ಸ್ವತಂತ್ರವಾದ ಭಾಷೆಯೆಂದೇ ಎಣಿಸುತ್ತಾರೆ. ಅದು ಕನ್ನಡದ ಒಡಹುಟ್ಟೆಂಬುದರಲ್ಲಿ ಮಾತ್ರ ಸಂದೇಹವಿಲ್ಲ. ಅವರ ಊರಿಗೆ ಹಟ್ಟಿಯೆಂದು ಹೆಸರು, ತೊರೆಗೆ ಹಳ್ಳವೆಂದು ಹೆಸರು. ಹಳಗನ್ನಡದ ಪಟ್ಟಿ, ಪಳ್ಳ, ಪಾಲ್ ಎಂಬವು ನಡುಗನ್ನಡದಲ್ಲಿ ಹಟ್ಟಿ, ಹಳ್ಳ, ಹಾಲು ಎಂದು ಮಾರ್ಪಟ್ಟುದನ್ನು ನಮ್ಮ ವಿದ್ಯಾರ್ಥಿಗಳು ವ್ಯಾಕರಣದಲ್ಲಿ ಓದಿದ್ದಾರೆ. ಆ ಹಕಾರ ಬಡಗದಲ್ಲಿಯೂ ಇರುವುದರಿಂದ, ಆ ಮಾರ್ಪಾಡು ನಡೆದ ಮೇಲೆಯೇ ಈ ಜನ ಕೆಳಗಿನ ಸೀಮೆಯನ್ನು ಬಿಟ್ಟು ಬಂದಿರಬೇಕೆಂದು ಊಹಿಸಬಹುದು. ಶಾಸನವಿಲ್ಲದ ಕಡೆ ಒಂದು ಅಕ್ಷರವೇ ಶಾಸನದ ಕೆಲಸವನ್ನು ಮಾಡುತ್ತದೆ.

ಈ ಜನಗಳ ನಡುವೆ ಹಣದ ಬಳಕೆಗಿಂತ ಕೊಳುಕೊಡೆಯೇ ಹೆಚ್ಚು. ತೋಡರ ತುಪ್ಪ, ಕೋತರ ಕುಡುಗೋಲು ಮಡಕೆಗಳು, ಕುರುಂಬರ ಜೇನು, ಬಡಗರ ಧಾನ್ಯ ಒಬ್ಬರಿಂದೊಬ್ಬರಿಗೆ ಸಲ್ಲುತ್ತಿದ್ದವು. ಬಡಗರು ತಮ್ಮ ಬೆಳೆಯಲ್ಲಿ ಒಂದು ಪಾಲನ್ನು ತೋಡರಿಗೆ ಕೊಡುವ ಪದ್ಧತಿಯಿತ್ತು. ಈ ಪಾಲು ನೆಲದ ಒಡೆತನಕ್ಕೆ ಸಲ್ಲುವ ಗೇಣಿಯೋ, ಮೊದಲು ನೆಲೆಸಿದವರಿಗೆ ತೋರುವ ಮರ್ಯಾದೆಯೋ ಎಂಬ ವಿಚಾರ ಬೆಟ್ಟದವರಿಗೆ ಬೇಕಾಗಿರಲಿಲ್ಲ. ಅತಿಥಿಗಳು ಬಂದ ಮೇಲೆ ಅದೇ ದೊಡ್ಡ ವ್ಯಾಜ್ಯಕ್ಕೆ ಕಾರಣವಾಯಿತು.

೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸುಲ್ತಾನನು ಮಡಿದ ಮೇಲೆ ನೀಲಗಿರಿಯು ಈಸ್ಟ್ ಇಂಡಿಯಾ ಕಂಪೆನಿಯ ಕೈಸೇರಿ ಕೊಯಮತ್ತೂರು ಜಿಲ್ಲೆಗೆ ಒಳಪಟ್ಟಿತು. ೧೮೧೨ರಲ್ಲಿ ವಿಲಿಯಂ ಕೀಸ್ ಎಂಬ ಮೋಜಣಿದಾರನು ಮೇಲೇರಿ ವರದಿ ಬರೆದನು. ಅದನ್ನು ಲಕ್ಷಿಸಿದವರು ಕಡಿಮೆ. ೧೮೧೮ರಲ್ಲಿ ವಿಷ್ ಮತ್ತು ಕಿಂಡರ್ಸ್ಲಿ ಎಂಬ ಇಬ್ಬರು ಕಿರಿಯ ಅಧಿಕಾರಿಗಳು ಏರಿ ಬಂದು, ಮೇಲೆ ಯುರೋಪಿನಂತಹ ತಂಪು ಇದೆಯೆಂದು ಸುದ್ದಿ ತಂದರು. ಅದನ್ನು ಕೇಳಿದ ಕೊಯಮತ್ತೂರಿನ ಕಲೆಕ್ಟರು ಜಾನ್ ಸಲಿವನ್ನನು ೧೮೧೯ರ ಜನವರಿಯಲ್ಲಿ ತಾನೇ ಬೆಟ್ಟವನ್ನೇರಿ ಕೋತಗಿರಿಯ ಬಳಿಯ ದಿಂಹಟ್ಟಿಯಲ್ಲಿ ಬೀಡುಬಿಟ್ಟನು. ಅಲ್ಲಿಯೇ ಅವನ ಮೊದಲ ಬಂಗಲೆ ಎದ್ದಿತು. ನೀಲಗಿರಿಯ ಬೇಸಗೆ ಬಿಡಾರಗಳ ಸರಣಿ ಹೀಗೆ ಬಡಗರ ಹಟ್ಟಿಯೊಂದರ ಮಗ್ಗುಲಲ್ಲಿ ಪ್ರಾರಂಭವಾಯಿತು. ಸಮೀಪದ ಕನ್ನೇರಿಮುಕ್ಕಿನಲ್ಲಿ ಅವನ ಕಾಲದ ಬಂಗಲೆಯನ್ನು ದುರಸ್ತಿಗೊಳಿಸಿ ಅವನ ಸ್ಮಾರಕವಾಗಿ ಕಾಪಾಡಲಾಗಿದೆ.

ಆ ಕಾಲದಲ್ಲಿ ಬೆಟ್ಟಕ್ಕೆ ಬರುತ್ತಿದ್ದವರು ವಿನೋದಕ್ಕಾಗಿ ಬಂದವರಲ್ಲ. ಜೀವ ಉಳಿಸಿಕೊಳ್ಳಲು ಬಂದವರು. ಬಯಲಿನ ಚಳಿಜ್ವರ, ಆಮಶಂಕೆಗಳಿಂದ ಕಂಪೆನಿಯ ಸಿಪಾಯಿಗಳೂ ಅಧಿಕಾರಿಗಳೂ ಸಾಯುತ್ತಿದ್ದರು. ಜೌಗುನೆಲದಿಂದೇಳುವ ಕೆಟ್ಟ ಗಾಳಿಯೇ ಜ್ವರಕ್ಕೆ ಕಾರಣವೆಂದು ಆಗಿನ ವೈದ್ಯರು ನಂಬಿದ್ದುದರಿಂದ, ಆ ಗಾಳಿ ತಲುಪದ ಎತ್ತರಕ್ಕೆ ರೋಗಿಯನ್ನು ಸಾಗಿಸುವುದೇ ಚಿಕಿತ್ಸೆಯೆನಿಸಿತ್ತು. ಲೆಶೆನೊ ದ ಲಾ ತೂರ್ ಎಂಬ ಫ್ರೆಂಚ್ ಪ್ರಕೃತಿವಿಜ್ಞಾನಿಯು ೧೮೧೯ರಲ್ಲಿ ರೋಗಿಯಾಗಿ ಏರಿ ಬಂದು ಚೇತರಿಸಿಕೊಂಡುದು ಬೆಟ್ಟದ ಕೀರ್ತಿಯನ್ನು ಹಬ್ಬಿಸಿತು. ಕಾರಣದ ತಿಳಿವಳಿಕೆ ತಪ್ಪಾಗಿದ್ದರೂ ಫಲ ಸರಿಯಾಗಿಯೇ ಇತ್ತು. ಮಲೇರಿಯಾವನ್ನು ಹರಡುವ ಸೊಳ್ಳೆಗೆ ಎತ್ತರದ ಚಳಿ ಒಗ್ಗುವುದಿಲ್ಲ. ಬುಡದ ಕಾಡುಗಳಲ್ಲಿ ಮಾತ್ರ ಜ್ವರ ಕಾದುಕೊಂಡೇ ಇರುತ್ತಿತ್ತು. ಮಲೇರಿಯಾದ ರಹಸ್ಯವನ್ನು ಬಿಡಿಸಿದ ರೊನಾಲ್ಡ್ ರಾಸ್ ಎಂಬ ವೈದ್ಯನೇ ೧೮೯೭ರ ಬೇಸಗೆಯಲ್ಲಿ ಉದಕಮಂಡಲಕ್ಕೆ ಬಂದಿದ್ದಾಗ ಸಿಗೂರು ಘಾಟಿಯಲ್ಲಿ ಆ ಜ್ವರಕ್ಕೆ ತುತ್ತಾದನು. ಅದೇ ವರ್ಷದ ಆಗಸ್ಟ್ ೨೦ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ರೋಗಾಣುವನ್ನು ಕಂಡನು.

ರೋಗಿಗಳು ಏರಬೇಕಾದರೆ ದಾರಿ ಬೇಕು. ಸಿರುಮುಗೈಯಿಂದ ಕೋತಗಿರಿಯ ಕಡೆಗೆ ಲೆಫ್ಟಿನೆಂಟ್ ಮ್ಯಾಕ್‌ಫರ್ಸನ್ನನ ಮೇಲ್ವಿಚಾರಣೆಯಲ್ಲಿ ದಾರಿ ಕಡಿಯಲಾಯಿತು; ೧೮೨೩ರಲ್ಲಿ ಅದು ಮುಗಿಯಿತು. ಆ ಕೆಲಸಕ್ಕೆ ಸೇನೆಯ ದಾರಿಗಾರರೊಡನೆ ಸೆರೆಮನೆಯ ಕೈದಿಗಳನ್ನೂ ಹಚ್ಚಲಾಗಿತ್ತು. ಮೇನೆಯಲ್ಲಿ ಕುಳಿತು ಏರಿದವರ ಹೆಸರುಗಳು ಗ್ರಂಥಗಳಲ್ಲಿ ಉಳಿದಿವೆ. ಬಂಡೆ ಒಡೆದವರ, ಮೇನೆ ಹೊತ್ತವರ ಹೆಸರುಗಳನ್ನು ಯಾರೂ ಬರೆದಿಡಲಿಲ್ಲ.

ಇನ್ನೂ ಎತ್ತರದಲ್ಲಿದ್ದ ಒಂದು ತೋಡರ ನೆಲೆ ಸಲಿವನ್ನನ ಮನಸ್ಸನ್ನು ಸೆಳೆಯಿತು. ೧೮೨೧ರ ಮಾರ್ಚಿಯಲ್ಲಿ ಮದರಾಸಿನ ಪತ್ರಿಕೆಯೊಂದರಲ್ಲಿ ಈ ಊರಿನ ಹೆಸರು 'ವೊಟೊಕಿಮಂಡ್' ಎಂದು ಮೊದಲ ಬಾರಿಗೆ ಅಚ್ಚಾಯಿತು. ಉಚ್ಚಾರಣೆ ಸವೆದು ಸವೆದು ಊಟಕಮಂಡ್ ಎಂದೂ, ಊಟಿಯೆಂದೂ ಆಯಿತು. ಸಂಸ್ಕೃತದ ಬಟ್ಟೆ ತೊಟ್ಟು ಉದಕಮಂಡಲವಾಯಿತು. ಹೆಸರಿನ ಮೊದಲರ್ಧದ ವಿಷಯದಲ್ಲಿ ಅಭಿಪ್ರಾಯಭೇದಗಳುಂಟು. ಕೊನೆಯ 'ಮಂದು' ಎಂಬುದು ತೋಡರ ಬೀಡನ್ನು ಸೂಚಿಸುವ ಶಬ್ದ. ನಮ್ಮ ಕುರಿಮಂದೆಯ 'ಮಂದೆ', ಕೊಡವರ ಊರಬಯಲಾದ 'ಮಂದ್', ತಮಿಳಿನ 'ಮನ್ಱು' ಇವೆಲ್ಲವೂ ಒಂದೇ ಬೇರಿನ ಚಿಗುರುಗಳೆಂದು ದ್ರಾವಿಡ ಭಾಷೆಗಳ ನಿಘಂಟು ಹೇಳುತ್ತದೆ. ದನ ಎಮ್ಮೆಗಳು ನೆರೆಯುವ ಕಡೆಯೇ ಜನ ನೆರೆಯುವ ಕಡೆಯೂ ಆಗಿದ್ದ ಕಾಲದ ನೆನಪು ಈ ಶಬ್ದದಲ್ಲಿ ಅಡಗಿದೆ.

ಅಲ್ಲಿ ೧೮೨೨ರಲ್ಲಿ ಸಲಿವನ್ನನು ಕಟ್ಟಲಾರಂಭಿಸಿದ ಮನೆಗೆ ಬೆಟ್ಟದವರು ಕಲ್ಲುಬಂಗಲೆಯೆಂದು ಹೆಸರಿಟ್ಟರು. ಹುಲ್ಲು ಬಿದಿರುಗಳ ಗುಡಿಸಿಲುಗಳ ನಡುವೆ ಎದ್ದ ಮೊದಲ ಕಲ್ಲಿನ ಮನೆ ಅದು. ಇಂದು ಸರಕಾರಿ ಕಾಲೇಜಿನ ಆವರಣದಲ್ಲಿದೆ. ೧೮೨೩ರಲ್ಲಿ ಅವನ ಹೆಂಡತಿ ಹೆನ್ರಿಯೆಟ್ಟಾ ಅಲ್ಲಿಗೆ ಬಂದಳು. ಮನೆಗಾಗಿ ಬೇಕಾದ ನೆಲವನ್ನು ಅವನು ತೋಡರಿಂದ ಎಕರೆಗೆ ಒಂದು ರೂಪಾಯಿಯಂತೆ ಕೊಂಡನೆಂದು ಹೇಳುತ್ತಾರೆ. ಬಳಿಕ ತೊರೆಗಳಿಗೆ ಅಡ್ಡಗಟ್ಟಿ ಕೆರೆಯನ್ನು ಮಾಡಿಸಿದನು. ಇಂದು ಪ್ರವಾಸಿಗಳು ಪ್ರಕೃತಿಯ ಸೊಬಗೆಂದು ತಿಳಿದು ದೋಣಿಯಲ್ಲಿ ಸುತ್ತುವ ಕೆರೆಯು ೧೮೨೩ರಿಂದ ೧೮೨೫ರವರೆಗೆ ಮನುಷ್ಯರು ಕಟ್ಟಿದುದು.

ಸಲಿವನ್ನನ ವಿಷಯದಲ್ಲಿ ನಾವು ಎರಡು ಮಾತುಗಳನ್ನೂ ಹೇಳಬೇಕು. ಅಗ್ಗದ ಬೆಲೆಗೆ ವಿಸ್ತಾರವಾದ ನೆಲವನ್ನು ತನ್ನದಾಗಿಸಿಕೊಂಡವರಲ್ಲಿ ಅವನೇ ಮೊದಲಿಗನು. ಆದರೆ ಕೊಳ್ಳಬೇಕೆಂದು ಒಪ್ಪಿದವನೂ ಅವನೇ. ಈ ಬೆಟ್ಟದ ಹುಲ್ಲುಗಾವಲುಗಳು ತೋಡರ ಸ್ವಂತ ಆಸ್ತಿ, ಬಡಗರು ಕೊಡುವ ಪಾಲೇ ಅದಕ್ಕೆ ಸಾಕ್ಷಿ, ಆದುದರಿಂದ ಅವರಿಗೆ ಬೆಲೆ ಕೊಡದೆ ಯಾರೂ ನೆಲವನ್ನು ಹಿಡಿಯಲಾಗದು ಎಂದು ಅವನು ವಾದಿಸಿದನು. ೧೮೨೭ರಲ್ಲಿ ಮದರಾಸಿನ ಗವರ್ನರಾಗಿ ಬಂದ ಲಷಿಂಗ್‌ಟನ್ನನು ಈ ವಾದವನ್ನು ಒಪ್ಪಲಿಲ್ಲ. ತೋಡರಿಗೆ ಇರುವುದು ಮೇಯಿಸುವ ಹಕ್ಕು ಮಾತ್ರ, ನೆಲ ಸರಕಾರದ್ದು ಎಂಬುದು ಅವನ ಪಕ್ಷ. ೧೮೩೦ರಲ್ಲಿ ಬೆಟ್ಟದ ದೊಡ್ಡ ಭಾಗವನ್ನು ಕೊಯಮತ್ತೂರಿನಿಂದ ತೆಗೆದು ಮಲಬಾರ್ ಜಿಲ್ಲೆಗೆ ಸೇರಿಸಲಾಯಿತು. ಸಲಿವನ್ನನ ಅಧಿಕಾರ ಅಲ್ಲಿ ಮೊಟಕಾಯಿತು. ಅದು ಮತ್ತೆ ಕೊಯಮತ್ತೂರಿಗೆ ಬಂದುದು ೧೮೪೩ರಲ್ಲಿ, ಸಲಿವನ್ನನು ದೇಶ ಬಿಟ್ಟ ಮೇಲೆ. ವ್ಯಾಜ್ಯದ ಎರಡು ಪಕ್ಷಗಳಲ್ಲಿಯೂ ವಾದಿಸಿದವರು ಆಂಗ್ಲರೇ. ತೋಡರ ಮಾತನ್ನು ತೋಡರ ಬಾಯಿಂದ ಕೇಳಿ ತೀರ್ಮಾನಿಸಿದವರಾರು?

ಬಂಗಲೆಗಳು ಮಾತ್ರ ಏಳುತ್ತಲೇ ಹೋದವು. ಲಷಿಂಗ್‌ಟನ್ನನು ಉದಕಮಂಡಲವನ್ನು ಆರೋಗ್ಯಧಾಮವಾಗಿ ಬೆಳೆಸಿ, ಕುನ್ನೂರು ಘಾಟಿಯ ದಾರಿಯನ್ನು ತೆರೆಯಿಸಿದನು. ೧೮೩೪ರಲ್ಲಿ ಗವರ್ನರ್ ಜನರಲ್ ಬೆಂಟಿಂಕನೇ ಅಲ್ಲಿ ತಂಗಿದ್ದನು. ಮದರಾಸಿಗೆ ಬಂದಿಳಿದ ಮೆಕಾಲೆಯು ಬೆಂಗಳೂರು, ಶ್ರೀರಂಗಪಟ್ಟಣಗಳ ಮಾರ್ಗವಾಗಿ ಹೊರಟು ಅವನನ್ನು ಅಲ್ಲಿ ಕಂಡನು. ಅದೇ ವರ್ಷ ಬೈಕಿ ಎಂಬ ವೈದ್ಯನು ನೀಲಗಿರಿಯ ಹವೆಯನ್ನು ಕುರಿತು ಗ್ರಂಥ ಬರೆದನು. ೧೮೪೭ರಲ್ಲಿ ಅಸ್ವಸ್ಥನಾಗಿ ಬಂದ ರಿಚರ್ಡ್ ಬರ್ಟನ್ನನು ಆ ಅನುಭವವನ್ನು ೧೮೫೧ರಲ್ಲಿ ಪುಸ್ತಕವಾಗಿ ಪ್ರಕಟಿಸಿ ಅಲ್ಲಿನ ಆಂಗ್ಲ ಸಮಾಜದ ಬೇಸರದ ದಿನಚರಿಯನ್ನು ಹಾಸ್ಯಮಾಡಿದನು. ರೋಗಿಯ ಆಸ್ಪತ್ರೆ ಮೆಲ್ಲನೆ ಆರೋಗ್ಯವಂತರ ವಿಹಾರಸ್ಥಾನವಾಗುತ್ತಿತ್ತು. ೧೮೬೮ರಲ್ಲಿ ನೀಲಗಿರಿ ಪ್ರತ್ಯೇಕ ಜಿಲ್ಲೆಯಾಯಿತು. ಆಗ್ನೇಯ ವಯನಾಡಿನ ಭಾಗ ೧೮೭೭ರಲ್ಲಿ ಅದಕ್ಕೆ ಸೇರಿತು. ಮದರಾಸು ಸರಕಾರವೇ ಬೇಸಗೆಯಲ್ಲಿ ಕಡತಗಳೊಡನೆ ಬೆಟ್ಟವನ್ನೇರತೊಡಗಿತು.

ಈ ಕಟ್ಟಡಗಳಲ್ಲಿ ಮೈಸೂರು ಸೀಮೆಯ ಗುರುತುಗಳೂ ಇವೆ. ಸಂತ ಸ್ಟೀಫನ್ನನ ಇಗರ್ಜಿಗೆ ೧೮೨೯ರ ಏಪ್ರಿಲ್ ೨೩ರಂದು ಅಡಿಗಲ್ಲು ಬಿದ್ದಿತು. ೧೮೩೧ರಲ್ಲಿ ಅದು ಪೂಜೆಗೆ ತೆರೆಯಿತು. ಅದರ ತೊಲೆಗಳೂ ಮರದ ಸಾಮಗ್ರಿಯೂ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಲಾಲ್‌ಬಾಗ್ ಅರಮನೆಯನ್ನು ಕೆಡವಿ ತಂದವು. ಸೋತ ಅರಸನ ಮನೆಯ ತೊಲೆಗಳು ಗೆದ್ದವರ ಗುಡಿಯ ಮಾಡನ್ನು ಹೊತ್ತಿವೆ. ೧೮೩೮ರಲ್ಲಿ ತೀರಿಕೊಂಡ ಹೆನ್ರಿಯೆಟ್ಟಾ ಸಲಿವನ್ನಳ ಸಮಾಧಿಯೂ ಆ ಆವರಣದಲ್ಲಿದೆ. ೧೮೪೪ರಲ್ಲಿ ಕಟ್ಟಿದ ಫರ್ನ್‌ಹಿಲ್ ಎಂಬ ಬಂಗಲೆಯನ್ನು ೧೮೭೩ರಲ್ಲಿ ಮೈಸೂರಿನ ರಾಜಮನೆತನಕ್ಕೆ ಕೊಳ್ಳಲಾಯಿತು. ಅದು ಅರಸರ ಬೇಸಗೆಯ ಅರಮನೆಯಾಯಿತು. ಕೇತಿಯಲ್ಲಿ ೧೮೪೬ರಿಂದ ನೆಲೆಯೂರಿದ ಬಾಸೆಲ್ ಮಿಷನ್ನಿನವರು ಬಡಗ ಮಕ್ಕಳಿಗೆ ಕನ್ನಡದಲ್ಲಿ ಓದುಬರಹ ಕಲಿಸಿದರು. ನೀಲಗಿರಿಯಲ್ಲಿ ಕನ್ನಡ ಪಾಠಶಾಲೆಯೆಂಬುದು ನೂರೆಪ್ಪತ್ತು ವರ್ಷಗಳಿಗೂ ಹಿಂದಿನ ಸಂಗತಿಯೆಂಬುದನ್ನು ಉಪಾಧ್ಯಾಯ ಬಂಧುಗಳು ನೆನಪಿಡಬೇಕು.

ಬಿಡಾರವನ್ನು ಜನಸಾಮಾನ್ಯರಿಗೂ ಹತ್ತಿರ ತಂದುದು ರೈಲು. ಮೇಟ್ಟುಪಾಳ್ಯದಿಂದ ಕುನ್ನೂರಿನವರೆಗೆ ೧೮೯೯ರಲ್ಲಿಯೂ, ಉದಕಮಂಡಲದವರೆಗೆ ೧೯೦೮ರಲ್ಲಿಯೂ ಅದು ಓಡಲಾರಂಭಿಸಿತು. ಒಟ್ಟು ದೂರ ೪೬ ಕಿಲೋಮೀಟರು. ಏರಿಕೆ ೩೨೬ ಮೀಟರಿನಿಂದ ೨೨೦೩ ಮೀಟರಿಗೆ. ಸುರಂಗಗಳು ೧೬, ತಿರುವುಗಳು ೨೦೮. ಕಡಿದಾದ ಭಾಗದಲ್ಲಿ ಹನ್ನೆರಡೂವರೆ ಅಡಿ ಮುಂದೆ ಸಾಗುವಷ್ಟರಲ್ಲಿ ಒಂದಡಿ ಮೇಲೇರಬೇಕು. ಸಾಧಾರಣ ಗಾಲಿಗೆ ಅಲ್ಲಿ ಹಿಡಿತ ಸಾಲದು. ಆದುದರಿಂದ ಎರಡು ಕಂಬಿಗಳ ನಡುವೆ ಹಲ್ಲುಗಳುಳ್ಳ ಪಟ್ಟಿಗಳನ್ನು ಹಾಸಿದ್ದಾರೆ. ಎಂಜಿನಿನ ಹಲ್ಲುಗಾಲಿಯು ಅವುಗಳಲ್ಲಿ ಕಚ್ಚಿಕೊಂಡು, ಏಣಿ ಹತ್ತುವವನಂತೆ ಒಂದೊಂದೇ ಹಲ್ಲನ್ನು ಹಿಡಿದು ಏರುತ್ತದೆ. ೨೦೦೫ರಲ್ಲಿ ಯುನೆಸ್ಕೊ ಸಂಸ್ಥೆಯು ಈ ಮಾರ್ಗವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಆ ರೈಲುದಾರಿಯ ಫಲಕಗಳನ್ನು ಓದಿದರೆ ಇನ್ನೊಂದು ಚರಿತ್ರೆ ಕಾಣುತ್ತದೆ. ಕಲ್ಲಾರು, ಆಡರ್ಲಿ, ಹಿಲ್‌ಗ್ರೋವ್, ರನ್ನಿಮೀಡ್, ಕಾಟೇರಿ, ಕುನ್ನೂರು, ವೆಲಿಂಗ್ಟನ್, ಅರುವಂಕಾಡು, ಕೇತಿ, ಲವ್‌ಡೇಲ್, ಫರ್ನ್‌ಹಿಲ್: ಒಂದು ಹೆಸರು ನೆಲದ್ದು, ಮತ್ತೊಂದು ಅತಿಥಿಯದು. ಬಿಡಾರ ಹೂಡಿದವರು ಕಣ್ಣಿಗೆ ಕಂಡುದಕ್ಕೆಲ್ಲ ತಮ್ಮ ಹೆಸರಿಟ್ಟರು. ವೆಲಿಂಗ್ಟನ್ನಿನಲ್ಲಿ ೧೮೫೨ರಿಂದ ಸೈನ್ಯದ ಮನೆಗಳು ಎದ್ದಾಗ ಆ ಸ್ಥಳವನ್ನು ಪಕ್ಕದ ಬಡಗರ ಊರಾದ ಜಗತಳದ ಹೆಸರಿನಿಂದಲೇ ಕರೆಯುತ್ತಿದ್ದರು. ೧೮೬೦ರಲ್ಲಿ ಅದನ್ನು ವೆಲಿಂಗ್ಟನ್ ಎಂದು ಬದಲಿಸಲಾಯಿತು. ಕೋತಗಿರಿಯ ಬಳಿ ಧುಮುಕುವ ಜಲಪಾತವೊಂದನ್ನು ಎಲ್ಲರೂ ಕ್ಯಾಥರೀನ್ ಜಲಪಾತವೆನ್ನುತ್ತಾರೆ. ಕ್ಯಾಥರೀನ್ ಎಂಬುವಳು ಆ ಪ್ರಾಂತಕ್ಕೆ ಕಾಫಿಯನ್ನು ತಂದನೆನ್ನಲಾದ ಕಾಕ್‌ಬರ್ನ್ ಎಂಬ ಅಧಿಕಾರಿಯ ಪತ್ನಿ. ಆ ನೀರಿನ ಮೊದಲ ಹೆಸರು ಗೆದ್ದೆಹಾಡ ಹಳ್ಳ. ೧೮೫೮ರಲ್ಲಿ ಕುನ್ನೂರಿಗೆ ಬಂದಿದ್ದ ಲೇಡಿ ಕ್ಯಾನಿಂಗ್ ಕುಳಿತಳೆಂಬ ಬಂಡೆಗೆ ಅವಳ ಹೆಸರು. ದಾರಿ ಮಾಡಿಸಿದ ಕಪ್ತಾನ ಲ್ಯಾಂಬನದೆಂದು ಮತ್ತೊಂದು ಬಂಡೆ.

ಆದರೂ ಹಳೆಯ ಹೆಸರುಗಳು ಪೂರ್ತಿ ಅಳಿಸಿಹೋಗಿಲ್ಲ. ೮೬೫೦ ಅಡಿಗಳಷ್ಟು ಎತ್ತರದ ಶಿಖರ ದೊಡ್ಡಬೆಟ್ಟವಾಗಿಯೇ ಉಳಿದಿದೆ. ಹುಲಿಕಲ್ಲು, ಕಲ್ಲಹಟ್ಟಿ, ನಂಜನಾಡು, ಮಸಿನಗುಡಿ ಎಂಬ ಹೆಸರುಗಳನ್ನು ಕೇಳಿದ ಕನ್ನಡದ ಮಗುವಿಗೆ ಅರ್ಥ ಹೇಳಿಕೊಡಬೇಕಾಗಿಲ್ಲ. ಇದರಿಂದ ಈ ಬೆಟ್ಟ ಕನ್ನಡಿಗರದೊಂದೇ ಎಂದು ಹಕ್ಕು ಸಾಧಿಸುವುದು ನಮ್ಮ ಉದ್ದೇಶವಲ್ಲ. ತೋಡ, ಕೋತ, ಬಡಗ, ತಮಿಳು, ಮಲೆಯಾಳಗಳೆಲ್ಲವೂ ಅಲ್ಲಿ ಬಾಳಿವೆ. ಹೆಸರನ್ನು ಅದರ ಅರ್ಥದೊಡನೆ ತಿಳಿಯುವುದು ಅಲ್ಲಿದ್ದವರಿಗೆ ನಾವು ಸಲ್ಲಿಸುವ ಕನಿಷ್ಠ ಗೌರವ. ಅಷ್ಟೇ ನಮ್ಮ ಮಾತು.

ಹೆಸರು ಬದಲಾದಂತೆ ಕಾಡೂ ಬದಲಾಯಿತು. ಇಂದು ಉದಕಮಂಡಲದ ಸುತ್ತ ಕಾಣುವ ಎತ್ತರದ ಮರಗಳನ್ನು ಕಂಡು ಪ್ರವಾಸಿಯು ಎಂತಹ ಪುರಾತನವಾದ ಅರಣ್ಯವೆಂದು ಬೆರಗಾಗುತ್ತಾನೆ. ಅವುಗಳಲ್ಲಿ ಬಹುಭಾಗ ಆಸ್ಟ್ರೇಲಿಯದಿಂದ ಬಂದ ನೀಲಗಿರಿ ಮರ ಮತ್ತು ಅಕೇಸಿಯ. ನಾವು ಯಾವ ಮರವನ್ನು ಬೆಟ್ಟದ ಹೆಸರಿನಿಂದಲೇ ಕರೆಯುತ್ತೇವೆಯೋ ಅದನ್ನು ಕಪ್ತಾನ ಕಾಟನ್ನನು ೧೮೪೩ರಲ್ಲಿ ಅಲ್ಲಿಗೆ ತಂದನು. ಸೌದೆಗೆಂದು ನೆಟ್ಟ ಮರ ಬೆಟ್ಟವನ್ನೇ ಆವರಿಸಿತು. ಅಲ್ಲಿನ ಸಹಜವಾದ ಮೇಲ್ಮೈ ಹುಲ್ಲುಗಾವಲು. ನಡುನಡುವೆ ಕಣಿವೆಯ ಮಡಿಲಲ್ಲಿ ಕುಳ್ಳಗೆ ದಟ್ಟವಾಗಿ ಬೆಳೆದ ಶೋಲಾ ಕಾಡು. ಹುಲ್ಲೂ ಶೋಲೆಯೂ ಮಳೆಯನ್ನು ಹೀರಿಟ್ಟು ವರ್ಷವಿಡೀ ತೊರೆಗಳಿಗೆ ಮೆಲ್ಲನೆ ಬಿಟ್ಟುಕೊಡುತ್ತವೆ. ಹುಲ್ಲನ್ನು ಬರಿಯ ಬಂಜರೆಂದು ಎಣಿಸಿದ ಅಧಿಕಾರಿಗಳು ಅದರ ಮೇಲೆ ಮರ ನೆಟ್ಟರು. ಮಕೈವರನು ೧೮೪೮ರ ಸುಮಾರಿನಿಂದ ಸಸ್ಯೋದ್ಯಾನವನ್ನು ರೂಪಿಸಿದನು. ೧೮೬೦ರಿಂದ ಜ್ವರದ ಮದ್ದಾದ ಕ್ವಿನೈನಿಗಾಗಿ ಸಿಂಕೋನದ ತೋಟಗಳನ್ನು ಬೆಳೆಸಿದನು. ಅದೇ ಕಾಲಕ್ಕೆ ಚಹದ ತೋಟಗಳೂ ಹಬ್ಬಿದವು. ಇವುಗಳಿಂದ ಮನುಷ್ಯರಿಗೆ ಉಪಕಾರವಾಗಿಲ್ಲವೆಂದು ಯಾರೂ ಹೇಳಲಾರರು. ಆದರೆ ತೋಡರ ಎಮ್ಮೆಗೆ ಹುಲ್ಲು ಕಡಿಮೆಯಾಯಿತೆಂಬುದೂ ಅಷ್ಟೇ ನಿಜ. ಉದ್ಯಾನದ ಮೇಲ್ಭಾಗದಲ್ಲಿ 'ನೋಡತಕ್ಕ ಸ್ಥಳ'ವಾಗಿ ಉಳಿದಿರುವ ತೋಡರ ಮಂದನ್ನು ಕಾಣುವಾಗ, ಉದ್ಯಾನವಾದ ನೆಲವೂ ಹಿಂದೆ ಮೇವಿನ ನೆಲವೇ ಆಗಿತ್ತೆಂಬುದನ್ನು ನೆನೆಯಬೇಕು.

ಮೇಲಿನ ಊರುಗಳು ತುಂಬಿದ ಮೇಲೆ ಬಿಡಾರಗಳು ಬಡಗಣ ಬುಡದ ಕಾಡಿಗಿಳಿದವು. ಮಸಿನಗುಡಿ, ಬೊಕ್ಕಾಪುರ, ಮಾವನಹಳ್ಳಗಳ ಸುತ್ತಿನ ಸಿಗೂರು ಪ್ರಸ್ಥಭೂಮಿಯು ೧೯೪೦ರಲ್ಲಿ ಸ್ಥಾಪಿತವಾದ ಮುದುಮಲೆಯ ಅಭಯಾರಣ್ಯಕ್ಕೆ ತಾಗಿಕೊಂಡಿದೆ. ಆಚೆಗೆ ನಮ್ಮ ಬಂಡೀಪುರ, ಈಚೆಗೆ ಬೆಟ್ಟದ ಗೋಡೆ. ಪಶ್ಚಿಮಘಟ್ಟದಿಂದ ಪೂರ್ವಘಟ್ಟಕ್ಕೆ ನಡೆಯುವ ಆನೆಗಳಿಗೆ ಇರುವುದು ನಡುವಿನ ಈ ಕಿರಿದಾದ ಹಾದಿ. ಕಾಡಿನ ನಡುವೆ ಒಂಟಿಮನೆಯಲ್ಲಿ ತಂಗಿ, ಜಗುಲಿಯಿಂದಲೇ ಆನೆಯನ್ನು ನೋಡಬೇಕೆಂಬ ಪಟ್ಟಣಿಗರ ಆಸೆಯನ್ನು ತಣಿಸಲು ಅಲ್ಲಿ ವಿಹಾರಗೃಹಗಳು ಒಂದರ ಪಕ್ಕದಲ್ಲೊಂದು ಎದ್ದವು. ಸುತ್ತ ತಂತಿಯ ಬೇಲಿ ಬಂದಿತು, ರಾತ್ರಿಯ ದೀಪ ಬಂದಿತು. ೨೦೧೦ರಲ್ಲಿ ತಮಿಳುನಾಡು ಸರಕಾರ ಆನೆಹಾದಿಯನ್ನು ಘೋಷಿಸಿತು. ೨೦೧೧ರಲ್ಲಿ ಮದರಾಸು ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ೨೦೧೮ರ ಆಗಸ್ಟಿನಲ್ಲಿ, ಅನುಮತಿಯಿಲ್ಲದ ವಿಹಾರಗೃಹಗಳಿಗೆ ಬೀಗಮುದ್ರೆ ಹಾಕುವಂತೆ ಸರ್ವೋಚ್ಚ ನ್ಯಾಯಾಲಯ ಆಜ್ಞೆ ಮಾಡಿತು. ೨೦೨೦ರ ಅಕ್ಟೋಬರ್ ೧೪ರ ತೀರ್ಪಿನಲ್ಲಿ ಆನೆಹಾದಿಯ ಘೋಷಣೆಯನ್ನು ಸ್ಥಿರಪಡಿಸಿತು. ೨೦೨೧ರ ಜನವರಿಯಲ್ಲಿ ಮಸಿನಗುಡಿಯ ಬಳಿಯ ಖಾಸಗಿ ವಸತಿಗೃಹವೊಂದರ ಹತ್ತಿರ ಬಂದ ಗಾಯಗೊಂಡ ಆನೆಯ ಮೇಲೆ ಉರಿಯುವ ವಸ್ತುವನ್ನೆಸೆದು ಓಡಿಸಿದರು. ಆ ಆನೆ ಉಳಿಯಲಿಲ್ಲ. ಆನೆಯನ್ನು ನೋಡಲೆಂದೇ ಕಟ್ಟಿದ ಬಿಡಾರಗಳ ನಡುವೆ ಆನೆಗೆ ಹಾದಿ ಉಳಿಯದಂತಾದುದು ಎಂತಹ ವಿಪರ್ಯಾಸ!

ಈಚೆಗೆ ಬೆಟ್ಟವು ಅತಿಥಿಗಳ ಭಾರವನ್ನು ತಾಳಲಾರದೆಂಬುದು ನ್ಯಾಯಾಲಯದ ಗಮನಕ್ಕೂ ಬಂದಿದೆ. ೨೦೨೪ರ ಮೇ ೭ರಿಂದ, ಮದರಾಸು ಉಚ್ಚ ನ್ಯಾಯಾಲಯದ ಆದೇಶದಂತೆ, ಹೊರಗಿನ ವಾಹನಗಳು ನೀಲಗಿರಿಗೆ ಏರಲು ಮುಂಚಿತವಾಗಿ ರಹದಾರಿ ಪಡೆಯಬೇಕೆಂಬ ಕಟ್ಟಳೆ ಜಾರಿಗೆ ಬಂದಿತು. ೨೦೨೫ರ ಬೇಸಗೆಯಲ್ಲಿ ವಾರದ ದಿನಗಳಿಗೆ ೬೦೦೦, ವಾರಾಂತ್ಯಕ್ಕೆ ೮೦೦೦ ವಾಹನಗಳೆಂಬ ಮಿತಿಯನ್ನು ಗೊತ್ತುಮಾಡಲಾಯಿತು. ಇನ್ನೂರು ವರ್ಷಗಳ ಹಿಂದೆ ನೆಲದವರಿಗೆ ಬೆಲೆ ಕೊಡಬೇಕೇ ಬೇಡವೇ ಎಂದು ಇಬ್ಬರು ಅಧಿಕಾರಿಗಳು ವಾದಿಸಿದ್ದರು. ಇಂದಿನ ವ್ಯಾಜ್ಯಗಳಲ್ಲಿ ಕೇಳುತ್ತಿರುವುದೂ ಅದೇ ಪ್ರಶ್ನೆ: ಅತಿಥಿಯ ಸುಖಕ್ಕೆ ಎಲ್ಲಿ ಮಿತಿ, ಮೊದಲೇ ಇದ್ದವರಿಗೆ ಎಲ್ಲಿ ಎಡೆ? ಈಗ ಮೊದಲೇ ಇದ್ದವರ ಸಾಲಿನಲ್ಲಿ ಆನೆಯೂ ನಿಂತಿದೆ.

ಹಾಗಾದರೆ ನಾವು ಬೆಟ್ಟಕ್ಕೆ ಹೋಗಬಾರದೆ? ಹೋಗಬೇಕು. ಬೆಟ್ಟದ ಗಾಳಿ, ಹಸುರು, ಮೋಡಗಳಿಂದ ಮನಸ್ಸಿಗಾಗುವ ಉಲ್ಲಾಸ ಮಕ್ಕಳಿಗೆ ತಪ್ಪಬಾರದು. ಹೋಗುವ ರೀತಿಯಲ್ಲಿ ಮಾತ್ರ ವಿವೇಕವಿರಲಿ. ಪ್ರವಾಸಕ್ಕೆ ಮುಂಚೆ ಉಪಾಧ್ಯಾಯರು ನೀಲಗಿರಿಯ ನಕ್ಷೆಯನ್ನು ಹಲಗೆಯ ಮೇಲೆ ಬರೆದು, ಹಟ್ಟಿ, ಹಳ್ಳ, ಬೆಟ್ಟ, ಕಲ್ಲು, ಗುಡಿಗಳೆಂಬ ಕೊನೆಗಳುಳ್ಳ ಹೆಸರುಗಳನ್ನು ಮಕ್ಕಳಿಂದಲೇ ಹುಡುಕಿಸಲಿ. ಉದಕಮಂಡಲದೊಡನೆ ಕೋತಗಿರಿಯ ಕಡೆಗೂ ಒಂದು ದಿನ ಮೀಸಲಿಟ್ಟು ಕನ್ನೇರಿಮುಕ್ಕಿನ ಬಂಗಲೆಯನ್ನು ತೋರಿಸಲಿ. ಅಲ್ಲಿಂದ ಹೊರಬಂದು ಸುತ್ತಲಿನ ಹಟ್ಟಿಗಳನ್ನೂ ತೋರಿಸಲಿ. ಇಗರ್ಜಿಯ ತೊಲೆಗಳ ಕೆಳಗೆ ನಿಂತಾಗ ಶ್ರೀರಂಗಪಟ್ಟಣವನ್ನು ಜ್ಞಾಪಿಸಲಿ. ಬಡಗ ಹಿರಿಯರೊಬ್ಬರು ಎದುರಾದರೆ ಮಕ್ಕಳು ಕೈಮುಗಿದು ಕನ್ನಡದಲ್ಲಿ ಮಾತನಾಡಿಸಲಿ; ಅವರು ತಮ್ಮ ನುಡಿಯಲ್ಲಿ ಕೊಡುವ ಉತ್ತರದಲ್ಲಿ ಅರ್ಧಕ್ಕಿಂತ ಹೆಚ್ಚು ತಮಗೆ ತಿಳಿಯಿತೆಂಬ ಸಂತೋಷ ಮಕ್ಕಳಿಗೆ ಯಾವ ದೋಣಿವಿಹಾರಕ್ಕೂ ಕಡಿಮೆಯದಾಗಲಾರದು.

ಕೋತಗಿರಿಯ ಜಲಪಾತದ ಮುಂದೆ ನಿಂತಾಗ ಫಲಕದಲ್ಲಿರುವ ಹೆಸರನ್ನೂ ಓದಲಿ, ಗೆದ್ದೆಹಾಡ ಹಳ್ಳವೆಂಬ ಹೆಸರನ್ನೂ ಒಮ್ಮೆ ಗಟ್ಟಿಯಾಗಿ ಹೇಳಲಿ. ಎರಡೂ ಚರಿತ್ರೆಯೇ. ಆದರೆ ಎರಡನೆಯದು ಯಾವ ಫಲಕದ ಮೇಲೂ ಭದ್ರವಾಗಿಲ್ಲ. ಅದನ್ನು ಉಚ್ಚರಿಸುವ ನಾಲಗೆಗಳಲ್ಲಿ ಮಾತ್ರ ಅದು ಉಳಿಯಬಲ್ಲುದು.